80 ಎಚ್‌ಪಿ ತಿನ್ನೋ ಸೂಪರ್‌ಚಾರ್ಜರ್ ಲಾಭ ಕೊಡೋದು ಹೇಗೆ? ಚಿಕ್ಕ ಪುಲ್ಲಿ ಹಾಕಿದ ಮೇಲೆ ಬೂಸ್ಟ್ ಬೀಳೋದು ಯಾಕೆ?

ನಾಲ್ಕುಸ್ಟ್ರೋಕ್ (ಪ್ರಶ್ನೆ)

ಟರ್ಬೊ ಲೆಕ್ಕ ಅರ್ಥವಾಗುತ್ತೆ. ಹೇಗಿದ್ದರೂ ಸೈಲೆನ್ಸರ್ ದಾರಿ ಹಿಡಿಯೋ ಬಿಸಿ ಹೊಗೆಯಿಂದ ಟರ್ಬೈನ್ ತಿರುಗಿಸಿ ಗಾಳಿ ತುಂಬೋದು. ಸೂಪರ್‌ಚಾರ್ಜರ್ (ಬ್ಲೋವರ್ ಅಂತಲೂ ಕರೀತಾರೆ) ವಿಷಯ ಹಾಗಲ್ಲ, ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ನಿಂದಲೇ ಬೆಲ್ಟ್ ಹಾಕಿ ತಿರುಗಿಸಬೇಕು. ಡಾಜ್ ಹೆಲ್‌ಕ್ಯಾಟ್‌ನಲ್ಲಿ ಪೂರ್ತಿ ವೇಗದಲ್ಲಿ ಅದೊಂದೇ ಸುಮಾರು 80 ಎಚ್‌ಪಿ ಎಳೆದುಕೊಳ್ಳುತ್ತೆ. ಎಂಜಿನ್ ತನ್ನ ಶಕ್ತಿಯನ್ನೇ ಕೊಟ್ಟು ಅದಕ್ಕಿಂತ ಜಾಸ್ತಿ ವಾಪಸ್ ಪಡೆಯೋದು ಹೇಗೆ? ರೂಟ್ಸ್, ಟ್ವಿನ್ ಸ್ಕ್ರೂ, ಸೆಂಟ್ರಿಫ್ಯೂಗಲ್ ಮೂರರಲ್ಲಿ ಒಳಗೆ ನಡೆಯೋ ಕೆಲಸದ ವ್ಯತ್ಯಾಸ ಏನು?

ಎರಡನೇದು, ಒಂದು ಲಾಗ್ (ಓಡಿಸುವಾಗ ದಾಖಲಾದ ಅಳತೆಗಳು) ಓದೋಕೆ ಸಹಾಯ ಬೇಕು. 6.2 ಲೀಟರ್ ವಿ8, ಎರಡು ಸಾಲು ಸಿಲಿಂಡರ್‌ಗಳ ನಡುವೆ ರೂಟ್ಸ್ ಮಾದರಿ ಬ್ಲೋವರ್, ನೀರಿನ ಇಂಟರ್‌ಕೂಲರ್ (ಬ್ಲೋವರ್‌ನಿಂದ ಬರೋ ಬಿಸಿ ಗಾಳಿಯನ್ನು ತಣ್ಣಗೆ ಮಾಡೋದು). ಕ್ರ್ಯಾಂಕ್ ಪುಲ್ಲಿ 190 ಮಿಮೀ. ಬ್ಲೋವರ್ ಪುಲ್ಲಿ ಮೊದಲು 80 ಮಿಮೀ, ಈಗ 74 ಮಿಮೀ. ಬೆಲ್ಟ್ ಹಳೆಯದೇ.

80 ಮಿಮೀ ಇದ್ದಾಗ: 3500ರಿಂದ 6200 ಆರ್‌ಪಿಎಂವರೆಗೂ 9.5 ಪಿಎಸ್‌ಐ ಬೂಸ್ಟ್ (ಹೊರಗಿನ ಗಾಳಿಗಿಂತ ಹೆಚ್ಚಿರೋ ಒತ್ತಡ), ಗೆರೆ ಎಳೆದ ಹಾಗೆ. ಇಂಟರ್‌ಕೂಲರ್ ದಾಟಿದ ಗಾಳಿ ಕೊನೆಯಲ್ಲಿ 52 ಡಿಗ್ರಿ.

74 ಮಿಮೀ ಹಾಕಿದ ಮೇಲೆ: 3500ರಲ್ಲಿ 11.3, 5000ದಲ್ಲಿ 11.0, 5600ರಲ್ಲಿ 10.2, 6200ರಲ್ಲಿ 9.1 ಪಿಎಸ್‌ಐ. ಗಾಳಿ 72 ಡಿಗ್ರಿ. ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ಟೈಮಿಂಗನ್ನು, ಅಂದರೆ ಕಿಡಿ ಹಾರೋ ಹೊತ್ತನ್ನು, 6 ಡಿಗ್ರಿ ಹಿಂದಕ್ಕೆ ಎಳೆದಿದೆ. ಎರಡೂ ದಿನ ಹೊರಗಿನ ತಾಪಮಾನ 30 ಡಿಗ್ರಿ.

ಬೂಸ್ಟ್ ಮೀಟರ್ ಹೆಚ್ಚು ತೋರಿಸುತ್ತೆ, ಆದರೆ ಮೇಲಿನ ಆರ್‌ಪಿಎಂನಲ್ಲಿ ಗಾಡಿ ಮೊದಲಿಗಿಂತ ನಿಧಾನ. ಯಾವುದನ್ನು ಮೊದಲು ನೋಡಬೇಕು?

ಗಾಳಿಪೆಟ್ಟಿಗೆ

ಮೊದಲು 80 ಎಚ್‌ಪಿ ಲೆಕ್ಕ ಮುಗಿಸೋಣ. ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ.

ಎಂಜಿನ್‌ಗೆ ಪೆಟ್ರೋಲಿನ ಕೊರತೆ ಇರುವುದಿಲ್ಲ, ದೊಡ್ಡ ಇಂಜೆಕ್ಟರ್ ಹಾಕಿದರೆ ಬೇಕಾದಷ್ಟು ಸುರಿಯಬಹುದು. ಕೊರತೆ ಗಾಳಿಯದು. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಪಿಸ್ಟನ್ ತಾನಾಗಿ ಎಳೆದುಕೊಂಡರೆ ಹೊರಗಿನ ವಾತಾವರಣದ ಒತ್ತಡ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಸಿಲಿಂಡರ್ ತುಂಬುತ್ತದೆ. ಆ ಒತ್ತಡ ಸಮುದ್ರಮಟ್ಟದಲ್ಲಿ 14.7 ಪಿಎಸ್‌ಐ. (ಎರಡೂ ಕಡೆ 14.7 ಬಂದಿರುವುದು ಕಾಕತಾಳೀಯ, ಒಂದಕ್ಕೊಂದು ಸಂಬಂಧವಿಲ್ಲ. ಈ ಸಂಖ್ಯೆಯಿಂದ ಎಷ್ಟೋ ಜನ ಗೊಂದಲಕ್ಕೆ ಬೀಳುತ್ತಾರೆ.)

ನೀವು ಹೇಳಿದ ಹೆಲ್‌ಕ್ಯಾಟನ್ನೇ ತೆಗೆದುಕೊಳ್ಳಿ. 2015ರಲ್ಲಿ ಬಂದಾಗ 6.2 ಲೀಟರ್, 707 ಎಚ್‌ಪಿ, ಗರಿಷ್ಠ ಬೂಸ್ಟ್ 11.6 ಪಿಎಸ್‌ಐ. ಮ್ಯಾನಿಫೋಲ್ಡ್‌ನಲ್ಲಿ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒಟ್ಟು ಒತ್ತಡ 14.7 ಕೂಡಿಸು 11.6, ಅಂದರೆ 26.3. ಅದನ್ನು 14.7ರಿಂದ ಭಾಗಿಸಿದರೆ ಒತ್ತಡದ ಅನುಪಾತ 1.79. ಇಂಟರ್‌ಕೂಲರ್ ತನ್ನ ಕೆಲಸ ಸರಿಯಾಗಿ ಮಾಡಿದರೆ ಸಿಲಿಂಡರ್‌ಗೆ ಸುಮಾರು 1.65 ಪಟ್ಟು ಗಾಳಿ ಹೋಗುತ್ತದೆ. ಗಾಳಿ 1.65 ಪಟ್ಟು ಹೋದರೆ ಪೆಟ್ರೋಲೂ ಅಷ್ಟೇ ಪಟ್ಟು ಸುಡಬಹುದು. ಸಿಲಿಂಡರ್‌ಗಳಲ್ಲಿ ಹುಟ್ಟಿದ್ದು ಸುಮಾರು 790 ಎಚ್‌ಪಿ, ಅದರಲ್ಲಿ 80 ಬ್ಲೋವರ್‌ಗೆ, 707 ಹೊರಗೆ. ಅದೇ ಮನೆತನದ, ಬ್ಲೋವರ್ ಇಲ್ಲದ 6.4 ಲೀಟರ್ ಎಂಜಿನ್ ಆ ವರ್ಷ ಕೊಟ್ಟದ್ದು 485. ಬ್ಲೋವರ್ ಹೊಸದಾಗಿ ಶಕ್ತಿಯನ್ನೇನೂ ಸೃಷ್ಟಿಸಿಲ್ಲ, ಹೆಚ್ಚು ಇಂಧನ ಸುಡಲು ಜಾಗ ಮಾಡಿಕೊಟ್ಟಿದೆ. ಆ ಜಾಗದ ಬಾಡಿಗೆ 80 ಎಚ್‌ಪಿ. ಆ ಬಾಡಿಗೆಯಲ್ಲೂ ಸ್ವಲ್ಪ ವಾಪಸ್ ಬರುತ್ತದೆ, ಏಕೆಂದರೆ ಇನ್‌ಟೇಕ್ ಸ್ಟ್ರೋಕ್‌ನಲ್ಲಿ ಪಿಸ್ಟನ್ ಗಾಳಿಯನ್ನು ಎಳೆಯಬೇಕಾಗಿಲ್ಲ, ಒತ್ತಡದ ಗಾಳಿಯೇ ಅದನ್ನು ಕೆಳಕ್ಕೆ ತಳ್ಳುತ್ತದೆ.

ಬೂಸ್ಟ್ ಎಲ್ಲಿಂದ ಬರುತ್ತದೆ ಎನ್ನುವುದನ್ನು ಲೀಟರ್ ಲೆಕ್ಕದಲ್ಲಿ ನೋಡಿದರೆ ತುಂಬಾ ಸುಲಭ. ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಪೂರ್ತಿ ಗಾತ್ರದಷ್ಟು ನುಂಗುತ್ತದೆ, ಹಾಗಾಗಿ 6.2 ಲೀಟರ್ ಎಂಜಿನ್ ಒಂದು ಸುತ್ತಿಗೆ ನುಂಗುವುದು 3.1 ಲೀಟರ್. ಆ ಕಾರಿನ ಬ್ಲೋವರ್ ಒಂದು ಸುತ್ತಿಗೆ ಸುಮಾರು 2.4 ಲೀಟರ್ ತಳ್ಳುತ್ತದೆ, ಕ್ರ್ಯಾಂಕ್ ಒಂದು ಸುತ್ತು ಬಂದಾಗ ಅದು 2.36 ಸುತ್ತು ಬರುತ್ತದೆ. 2.4ನ್ನು 2.36ರಿಂದ ಗುಣಿಸಿದರೆ 5.66 ಲೀಟರ್. 3.1 ಲೀಟರ್ ನುಂಗುವ ಬಾಯಿಗೆ 5.66 ಲೀಟರ್ ತುರುಕಿದರೆ ಒತ್ತಡ ಏರದೆ ವಿಧಿಯಿಲ್ಲ. 5.66 ಭಾಗಿಸು 3.1 ಅಂದರೆ 1.83, ನಿಜವಾದ 1.79ಕ್ಕೆ ಹತ್ತಿರವೇ ಇದೆ. ಇಷ್ಟು ಕರಾರುವಾಕ್ಕಾಗಿ ಹೊಂದುವುದರಲ್ಲಿ ಸ್ವಲ್ಪ ಅದೃಷ್ಟವೂ ಇದೆ: ರೋಟರ್ ಸಂದಿಯ ಸೋರಿಕೆ ಒತ್ತಡವನ್ನು ಇಳಿಸುತ್ತದೆ, ಗಾಳಿ ಬಿಸಿಯಾಗುವುದು ಏರಿಸುತ್ತದೆ.

ಇನ್ನು ಮೂರು ಜಾತಿ.

ರೂಟ್ಸ್ ಬ್ಲೋವರ್ ನಿಜವಾಗಿ ಕಂಪ್ರೆಸರ್ ಅಲ್ಲ, ಗಾಳಿ ಸಾಗಿಸುವ ಯಂತ್ರ. ಅಮೆರಿಕದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದಾಗ ಮೋಟಾರು ಕಾರೇ ಇರಲಿಲ್ಲ. ಎರಡು ರೋಟರ್‌ಗಳು ಒಂದನ್ನೊಂದು ಮುಟ್ಟದೆ ಎದುರುಬದುರಾಗಿ ತಿರುಗುತ್ತವೆ. ಎಷ್ಟೋ ಜನ ಗಾಳಿ ಎರಡು ರೋಟರ್‌ಗಳ ನಡುವೆ ಹಿಂಡಿಕೊಂಡು ಬರುತ್ತದೆ ಎಂದುಕೊಂಡಿದ್ದಾರೆ. ಹಾಗಿಲ್ಲ. ರೋಟರ್‌ನ ಹಲ್ಲಿಗೂ ಹೊರಗಿನ ಕೇಸಿಂಗ್ ಗೋಡೆಗೂ ನಡುವಿನ ಪೊಟರೆಯಲ್ಲಿ ಕೂತು, ಗೋಡೆಯ ಪಕ್ಕದಿಂದ ಸುತ್ತಿ ಬರುತ್ತದೆ. ಆ ಪೊಟರೆ ಹೊರಬಾಗಿಲಿಗೆ ತೆರೆದುಕೊಳ್ಳುವ ಕ್ಷಣದವರೆಗೂ ಅದರೊಳಗಿನ ಒತ್ತಡ ಒಳಬಾಗಿಲಲ್ಲಿ ಇದ್ದಷ್ಟೇ. ತೆರೆದ ಕೂಡಲೇ ಮ್ಯಾನಿಫೋಲ್ಡ್‌ನಲ್ಲಿರುವ ಹೆಚ್ಚು ಒತ್ತಡದ ಗಾಳಿ ಹಿಂದಕ್ಕೆ ನುಗ್ಗಿ ಪೊಟರೆಯನ್ನು ತುಂಬುತ್ತದೆ, ಆಮೇಲೆ ರೋಟರ್ ಎಲ್ಲವನ್ನೂ ಸೇರಿಸಿ ಮತ್ತೆ ಹೊರಗೆ ತಳ್ಳಬೇಕು. ಆ ಹಿಂದಿನ ನುಗ್ಗಾಟವೇ ಶಾಖಕ್ಕೂ ಆ ಹೆಸರಾಂತ ಕೂಗಿಗೂ ಮೂಲ. ಹಲ್ಲನ್ನು ತಿರುಚಿದರೆ ಬಾಗಿಲು ಒಮ್ಮೆಲೇ ತೆರೆಯದೆ ನಿಧಾನಕ್ಕೆ ತೆರೆಯುತ್ತದೆ. ಈಟನ್ ಕಂಪನಿಯ ಟಿವಿಎಸ್ ಮಾದರಿಯಲ್ಲಿ ಒಂದೊಂದು ರೋಟರ್‌ಗೆ ನಾಲ್ಕು ಹಲ್ಲು, 160 ಡಿಗ್ರಿ ತಿರುಚು. 2009ರ ಕಾರ್ವೆಟ್ ಜಡ್‌ಆರ್1ನಲ್ಲಿ 2.3 ಲೀಟರಿನದು ಕೂತು 638 ಎಚ್‌ಪಿ ಕೊಟ್ಟಿತು.

ಟ್ವಿನ್ ಸ್ಕ್ರೂನಲ್ಲಿ ಗಾಳಿ ಉದ್ದಕ್ಕೆ ಚಲಿಸುತ್ತದೆ. ಗಂಡು ರೋಟರ್ ಹೆಣ್ಣು ರೋಟರ್‌ನ ತೋಡಿನೊಳಗೆ ಹೊಕ್ಕುತ್ತಾ ಹೋದಂತೆ ಆ ತೋಡಿನ ಜಾಗ ಕುಗ್ಗುತ್ತದೆ, ಬಾಗಿಲು ತೆರೆಯುವ ಹೊತ್ತಿಗೆ ಗಾಳಿ ಒಳಗೇ ಒತ್ತಿಕೊಂಡಿರುತ್ತದೆ. ಹಿಂದಿನ ನುಗ್ಗಾಟ ಕಡಿಮೆ, ಹೆಚ್ಚು ಬೂಸ್ಟ್‌ನಲ್ಲಿ ಶಾಖವೂ ಕಡಿಮೆ. 2005ರ ಫೋರ್ಡ್ ಜಿಟಿ, ಹೆಲ್‌ಕ್ಯಾಟ್ ಎರಡೂ ಈ ಜಾತಿ. ಕೊರತೆ ಏನೆಂದರೆ ಬೂಸ್ಟ್ ಬೇಡದ ಹೊತ್ತಲ್ಲೂ ಇದು ಒಳಗೆ ಒತ್ತುತ್ತಲೇ ಇರುತ್ತದೆ, ಸುಮ್ಮನೆ ಓಡುವಾಗಲೂ ಎಂಜಿನ್‌ಗೆ ಭಾರ. ಮರ್ಸಿಡಿಸ್ ಎಸ್‌ಎಲ್‌ಆರ್ ಮೆಕ್ಲಾರೆನ್‌ನಲ್ಲಿ ಇದಕ್ಕಾಗಿಯೇ ವಿದ್ಯುತ್ ಕಾಂತೀಯ ಕ್ಲಚ್ ಇಟ್ಟು ಬೇಡವಾದಾಗ ಬಿಡಿಸುತ್ತಿದ್ದರು.

ಸೆಂಟ್ರಿಫ್ಯೂಗಲ್ ಅಂದರೆ ಟರ್ಬೊದ ಗಾಳಿ ಭಾಗ ಮಾತ್ರ, ಟರ್ಬೈನ್ ಬದಲು ಬೆಲ್ಟ್ ಮತ್ತು ವೇಗ ಏರಿಸುವ ಗೇರ್. ಕೋನಿಗ್‌ಸೆಗ್ ಸಿಸಿಎಕ್ಸ್‌ನಲ್ಲಿ ರೋಟ್ರೆಕ್ಸ್ ಕಂಪನಿಯ ಇಂಥವು ಎರಡು ಇದ್ದವು. ಇದರ ಬೂಸ್ಟ್ ಹೆಚ್ಚುಕಡಿಮೆ ವೇಗದ ವರ್ಗದಂತೆ ಏರುತ್ತದೆ: 7000 ಆರ್‌ಪಿಎಂನಲ್ಲಿ 10 ಪಿಎಸ್‌ಐ ಇದ್ದರೆ 3500ರಲ್ಲಿ ಸುಮಾರು 2.5 ಮಾತ್ರ. ಕೆಳಗೆ ಸಪ್ಪೆ, ಮೇಲೆ ಉರಿ. ದಕ್ಷತೆಯಲ್ಲಿ ಮೂರರಲ್ಲಿ ಇದೇ ಮುಂದು. ಆದರೂ ರಸ್ತೆಯ ಕಾರಿಗೆ ನನ್ನ ಆಯ್ಕೆ ತಿರುಚಿದ ಹಲ್ಲಿನ ರೂಟ್ಸ್: ಕಾಲು ಒತ್ತಿದ ಕ್ಷಣ ಟಾರ್ಕ್ ಸಿಗುತ್ತದೆ, ಬೈಪಾಸ್ (ಗಾಳಿಯನ್ನು ಬ್ಲೋವರ್ ಬಾಯಿಗೇ ವಾಪಸ್ ಬಿಡುವ ಕವಾಟ) ತೆರೆದಾಗ ಇದ್ದೂ ಇಲ್ಲದ ಹಾಗೆ ಇರುತ್ತದೆ.

ನಿಮ್ಮ ಲಾಗ್ ಬಗ್ಗೆ ಒಂದೇ ಮಾತು: ರೂಟ್ಸ್‌ನ ಬೂಸ್ಟ್ ಗೆರೆ ಮೇಲಿನವರೆಗೂ ಸಮತಟ್ಟಾಗಿರಬೇಕು. ಬೀಳುತ್ತಿದೆ ಎಂದರೆ ರೋಟರ್ ಆ ವೇಗಕ್ಕೆ ತಿರುಗುತ್ತಿಲ್ಲ, ಇಲ್ಲವೇ ಅದಕ್ಕೆ ಗಾಳಿ ಸಿಗುತ್ತಿಲ್ಲ.

ಟ್ಯೂನಿಂಗ್‌ಮೇಜು

ಗಾಡಿ ನಿಧಾನ ಆಗಿರೋದಕ್ಕೆ ಉತ್ತರ ನಿಮ್ಮ ಲಾಗ್‌ನಲ್ಲೇ ಇದೆ ಸರ್. ಬೂಸ್ಟ್ ಮೀಟರ್ ಗಾಳಿಯ ತೂಕ ಹೇಳಲ್ಲ, ಒತ್ತಡ ಮಾತ್ರ ಹೇಳುತ್ತೆ. ಬಿಸಿ ಗಾಳಿಗೂ ಒತ್ತಡ ಇರುತ್ತೆ, ತೂಕ ಕಡಿಮೆ. ಸಿಲಿಂಡರ್‌ಗೆ ಬೇಕಾಗಿರೋದು ತೂಕ.

ತೂಕ ತಿಳಿಯೋಕೆ ಒತ್ತಡದ ಅನುಪಾತವನ್ನು ತಾಪಮಾನದ ಅನುಪಾತದಿಂದ ಸರಿಮಾಡಬೇಕು. ಸೆಲ್ಸಿಯಸ್‌ಗೆ 273 ಕೂಡಿಸಿ ಕೆಲ್ವಿನ್ ಮಾಡಿಕೊಳ್ಳಿ.

ಹಳೆ ಪುಲ್ಲಿ, 6200 ಆರ್‌ಪಿಎಂ: ಅನುಪಾತ 1.646, ಹೊರಗೆ 303 ಕೆಲ್ವಿನ್, ಒಳಗೆ 325. 1.646 ಗುಣಿಸು 303 ಭಾಗಿಸು 325, ಅಂದರೆ 1.53.

ಹೊಸ ಪುಲ್ಲಿ, ಅದೇ ಆರ್‌ಪಿಎಂ: 9.1 ಪಿಎಸ್‌ಐ ಅಂದರೆ 1.619, ಒಳಗೆ 345 ಕೆಲ್ವಿನ್. ಉತ್ತರ 1.42.

7% ಗಾಳಿ ಕಳಕೊಂಡಿದ್ದೀರಿ. ಮೇಲೆ 6 ಡಿಗ್ರಿ ಟೈಮಿಂಗೂ ಹೋಯ್ತು. ಬ್ಲೋವರ್ ತಿರುಗಿಸೋಕೆ ಖರ್ಚು ಮಾಡಿದ ಶಕ್ತಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು.

ಶಾಖ ಎಷ್ಟು ಹುಟ್ಟುತ್ತೆ ಅನ್ನೋದಕ್ಕೂ ಒಂದು ಲೆಕ್ಕ ಇಟ್ಟುಕೊಳ್ಳಿ. 30 ಡಿಗ್ರಿ ಗಾಳಿಯನ್ನು 1.78 ಅನುಪಾತಕ್ಕೆ ಒತ್ತಿದರೆ, ಬ್ಲೋವರ್ ನೂರಕ್ಕೆ ನೂರು ದಕ್ಷವಾಗಿದ್ದರೂ 54 ಡಿಗ್ರಿ ಏರಲೇಬೇಕು, ಅದು ಭೌತಶಾಸ್ತ್ರದ ತೆರಿಗೆ. ದಕ್ಷತೆ 75% ಇದ್ದರೆ ಏರಿಕೆ 72 ಡಿಗ್ರಿ, 65% ಇದ್ದರೆ 84, 55% ಇದ್ದರೆ 99. ಹೊರಬರೋ ಗಾಳಿ ಕ್ರಮವಾಗಿ 102, 114, 129 ಡಿಗ್ರಿ. ಎಲ್ಲ ಬ್ಲೋವರ್‌ಗಳಿಗೂ ವೇಗ ಒಂದು ಮಿತಿ ದಾಟಿದ ಮೇಲೆ ದಕ್ಷತೆ ಬೀಳೋಕೆ ಶುರು. ಅದಕ್ಕೇ ಪುಲ್ಲಿ ಚಿಕ್ಕದು ಮಾಡೋ ಆಟಕ್ಕೆ ಒಂದು ಕೊನೆ ಇದೆ. ಅದರ ಆಚೆ ಇರೋದು ಬರೀ ಹೀಟರ್. ನಿಮ್ಮದು 6200ರಲ್ಲಿ ಮೊದಲು ಸುಮಾರು 14,700 ತಿರುಗುತ್ತಿತ್ತು, ಈಗ ಬೆಲ್ಟ್ ಜಾರದಿದ್ದರೆ 15,900. ನಿಮ್ಮ ಬ್ಲೋವರ್‌ಗೆ ತಯಾರಕರು ಹೇಳಿರೋ ಗರಿಷ್ಠ ವೇಗ ಎಷ್ಟು ಅಂತ ನೋಡಿಕೊಳ್ಳಿ. ಚಿಕ್ಕ ರೋಟರ್ ಹೆಚ್ಚು ತಡಕೊಳ್ಳುತ್ತೆ: 2015ರ ಕಾರ್ವೆಟ್ ಜಡ್06ನ 1.7 ಲೀಟರ್ ಬ್ಲೋವರ್ 20,000ದವರೆಗೂ ಹೋಗುತ್ತೆ, ಹೆಲ್‌ಕ್ಯಾಟ್‌ನದು 14,600ಕ್ಕೇ ನಿಲ್ಲುತ್ತೆ.

ಈಗ ಇಂಟರ್‌ಕೂಲರ್. ಸೆಕೆಂಡಿಗೆ ಸುಮಾರು ಅರ್ಧ ಕಿಲೋ ಗಾಳಿ ಹಾದುಹೋಗುತ್ತೆ. ಅದನ್ನು 60 ಡಿಗ್ರಿ ಇಳಿಸಬೇಕು ಅಂದರೆ ನೀರಿನ ಸುತ್ತು 30 ಕಿಲೋವ್ಯಾಟ್ ಶಾಖ ಹೊತ್ತೊಯ್ಯಬೇಕು. ನಿಮಿಷಕ್ಕೆ 20 ಲೀಟರ್ ಬರೀ ನೀರು ಹರಿದರೆ ಆ ನೀರು ಒಂದು ಸಲ ದಾಟೋದರೊಳಗೆ 21 ಡಿಗ್ರಿ ಬಿಸಿಯಾಗುತ್ತೆ. ಅರ್ಧಕ್ಕರ್ಧ ಗ್ಲೈಕಾಲ್ ಕೂಲಂಟ್ ಆದರೆ 25. ಹರಿವು 10 ಲೀಟರ್‌ಗೆ ಇಳಿದರೆ ಆ ಏರಿಕೆ ದುಪ್ಪಟ್ಟು, ಗಾಳಿ ಎಷ್ಟು ತಣ್ಣಗಾಗಬೇಕೋ ಅಷ್ಟು ಆಗೋದೇ ಇಲ್ಲ. ಹೆಪ್ಪುಗಟ್ಟೋ ಭಯ ಇಲ್ಲದ ಕಡೆ ಈ ಸುತ್ತಿಗೆ ಗ್ಲೈಕಾಲ್ ಕಡಿಮೆ, ನೀರು ಹೆಚ್ಚು ಹಾಕೋದು ಒಳ್ಳೇದು. ತುಕ್ಕು ತಡೆಯೋ ರಾಸಾಯನಿಕ ಮಾತ್ರ ಬಿಡಬೇಡಿ, ಒಳಗಿರೋದು ಅಲ್ಯೂಮಿನಿಯಂ.

ಇದರ ಮಹತ್ವ ಕಾರ್ಖಾನೆಯವರಿಗೂ ಚೆನ್ನಾಗಿ ಗೊತ್ತು. 2018ರ ಡಾಜ್ ಡೀಮನ್‌ನಲ್ಲಿ ಎಸಿಯ ತಣ್ಣಗಿನ ಗ್ಯಾಸನ್ನು ಕ್ಯಾಬಿನ್ನಿಗೆ ಬಿಡದೆ ಈ ನೀರನ್ನು ತಂಪು ಮಾಡೋಕೆ ತಿರುಗಿಸಿದ್ದರು. ಕೂತವರಿಗಿಂತ ಗಾಳಿಗೆ ತಂಪು ಮುಖ್ಯ ಅನ್ನೋ ತೀರ್ಮಾನ ಅದು.

ಟೈಮಿಂಗ್ ಹಿಂದಕ್ಕೆ ಹೋಗಿರೋದನ್ನು ಬಲವಂತವಾಗಿ ಮುಂದಕ್ಕೆ ತರೋ ಯೋಚನೆ ದಯವಿಟ್ಟು ಬೇಡ. 72 ಡಿಗ್ರಿ ಗಾಳಿ ಸಿಲಿಂಡರಿನೊಳಗೆ ಮತ್ತೆ ಒಂಬತ್ತು ಹತ್ತು ಪಟ್ಟು ಒತ್ತಲ್ಪಡುತ್ತೆ. ಕಿಡಿ ಹಚ್ಚಿದ ಬೆಂಕಿ ಮೂಲೆ ತಲುಪೋ ಮೊದಲೇ ಅಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತೆ, ಅದೇ ನಾಕಿಂಗ್. ಬೂಸ್ಟ್ ಇರೋ ಎಂಜಿನ್‌ನಲ್ಲಿ ಪಿಸ್ಟನ್ ರಿಂಗುಗಳ ನಡುವಿನ ದಿಂಡು ಒಡೆಯೋಕೆ ಕೆಲವೇ ಸೆಕೆಂಡು ಸಾಕು. ಇಸಿಯು ಹಿಂದಕ್ಕೆ ಎಳೆದಿದೆ ಅಂದರೆ ನಿಮ್ಮ ಎಂಜಿನ್ ಉಳಿಸಿದೆ ಅಂತ ಅರ್ಥ. ಶಾಖ ಇಳಿಸಿ, ಟೈಮಿಂಗ್ ಹೆಚ್ಚಿನ ಪಾಲು ತಾನಾಗಿ ವಾಪಸ್ ಬರುತ್ತೆ.

ಪ್ಲಗ್ ಗ್ಯಾಪ್ ಕೂಡ ನೋಡಿ. ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರೋದು ಕಷ್ಟ. ಬೂಸ್ಟ್ ಇಲ್ಲದ ಎಂಜಿನ್ನಿನ 1 ಮಿಮೀ ಗ್ಯಾಪ್ ಇಲ್ಲಿ ಮಿಸ್‌ಫೈರ್ ಕೊಡುತ್ತೆ. 0.65 ಮಿಮೀ ಆಸುಪಾಸಿಗೆ ಇಳಿಸಿ, ಶಾಖದ ಶ್ರೇಣಿಯಲ್ಲಿ ಒಂದು ಹೆಜ್ಜೆ ತಣ್ಣಗಿನ ಪ್ಲಗ್ ಹಾಕಿ.

ಸ್ಪ್ಯಾನರ್14

ಇಬ್ಬರೂ ಲೆಕ್ಕ ಚೆನ್ನಾಗಿ ಕೊಟ್ಟಿದ್ದಾರೆ, ಕೈಗೆ ಸ್ಪ್ಯಾನರ್ ತಗೊಂಡು ಮಾಡೋ ಕೆಲಸ ನಾನು ಹೇಳ್ತೀನಿ.

80ರಿಂದ 74 ಅಂದರೆ ರೋಟರ್ 8% ಜೋರಾಗಿ ತಿರುಗಬೇಕು. 1.646 ಗುಣಿಸು 1.08, ಅಂದರೆ 1.78, ಬೂಸ್ಟ್ ಸುಮಾರು 11.4. ಕೆಳಗೆ ನಿಮಗೆ 11.3 ಸಿಗ್ತಿದೆ, ಅಲ್ಲಿಗೆ ಪುಲ್ಲಿ ಸರಿ, ಬೈಪಾಸ್ ಸರಿ, ಬ್ಲೋವರ್‌ನಿಂದ ಆಚೆ ದೊಡ್ಡ ಸೋರಿಕೆಯೂ ಇಲ್ಲ. ಬೈಪಾಸ್ ಪೂರ್ತಿ ಮುಚ್ಚದಿದ್ದರೆ ಅಥವಾ ಗ್ಯಾಸ್ಕೆಟ್ ಸೋರ್ತಿದ್ದರೆ ಎಲ್ಲ ಆರ್‌ಪಿಎಂನಲ್ಲೂ ಕಡಿಮೆ ಬರುತ್ತೆ, ಕೆಳಗೆ ಇನ್ನೂ ಕಡಿಮೆ. ಮೇಲೆ ಮಾತ್ರ ಬೀಳ್ತಿದ್ದರೆ ಬೆಲ್ಟ್ ಜಾರ್ತಿದೆ ಅಥವಾ ಬ್ಲೋವರ್‌ನ ಬಾಯಿ ಕಟ್ಟಿದೆ. ಎರಡೇ ಸಾಧ್ಯತೆ.

ಬಾಯಿ ಕಟ್ಟಿದೆಯಾ ಅಂತ ಮೊದಲು ನೋಡಿ, ಅದು ಸುಲಭ. ಥ್ರಾಟಲ್ ಬಾಡಿಗೂ ಬ್ಲೋವರ್‌ಗೂ ನಡುವೆ ಒತ್ತಡದ ಸೆನ್ಸರ್ ಇದ್ದರೆ ಅದನ್ನೇ ಲಾಗ್ ಮಾಡಿ, ಇಲ್ಲದಿದ್ದರೆ ಆ ಜಾಗದ ವ್ಯಾಕ್ಯೂಮ್ ನಿಪ್ಪಲ್‌ಗೆ ಗೇಜ್ ಹಾಕಿ. ಪೂರ್ತಿ ಥ್ರಾಟಲ್, 6200 ಆರ್‌ಪಿಎಂ. ಹೊರಗೆ 101 ಕಿಲೋಪಾಸ್ಕಲ್ ಇದ್ದರೆ ಅಲ್ಲಿ 97, 98 ಇರಬೇಕು. 94ಕ್ಕೆ ಇಳಿದಿದ್ದರೆ ಫಿಲ್ಟರ್, ಪೈಪು, ಥ್ರಾಟಲ್ ಬಾಡಿ ಯಾವುದೋ ಚಿಕ್ಕದಾಗಿದೆ ಅಂತ. ಇಲ್ಲಿ ಬಹಳ ಜನ ಮರೆಯೋ ವಿಷಯ ಒಂದಿದೆ. ಬ್ಲೋವರ್ ತನಗೆ ಸಿಕ್ಕ ಒತ್ತಡವನ್ನು ಗುಣಿಸುತ್ತೆ, ಕೂಡಿಸಲ್ಲ. ಬಾಯಲ್ಲಿ 1 ಪಿಎಸ್‌ಐ ಕಳಕೊಂಡರೆ ಮ್ಯಾನಿಫೋಲ್ಡ್‌ನಲ್ಲಿ 1.78 ಪಿಎಸ್‌ಐ ಹೋಗುತ್ತೆ. ಮಣ್ಣು ಹಿಡಿದ ಫಿಲ್ಟರ್ ಸಾಮಾನ್ಯ ಎಂಜಿನ್‌ಗಿಂತ ಇದಕ್ಕೆ ದುಪ್ಪಟ್ಟು ಹೊಡೆತ.

ಆಮೇಲೆ ಬೆಲ್ಟ್. 80 ಎಚ್‌ಪಿ ಅಂದರೆ 60 ಕಿಲೋವ್ಯಾಟ್. 190 ಮಿಮೀ ಪುಲ್ಲಿ 6200ರಲ್ಲಿ ತಿರುಗಿದರೆ ಬೆಲ್ಟ್ ವೇಗ ಸೆಕೆಂಡಿಗೆ ಸುಮಾರು 62 ಮೀಟರ್. ಬೆಲ್ಟ್‌ನ ಬಿಗಿ ಭಾಗಕ್ಕೂ ಸಡಿಲ ಭಾಗಕ್ಕೂ ನಡುವೆ ಹತ್ತಿರ ಹತ್ತಿರ 100 ಕಿಲೋ ಎಳೆತದ ವ್ಯತ್ಯಾಸ ಇರುತ್ತೆ. ಅದನ್ನೆಲ್ಲ ಹಿಡಿದಿಡೋದು ಬ್ಲೋವರ್ ಪುಲ್ಲಿಯ ಸುತ್ತ ಅಂಟಿಕೊಂಡಿರೋ ಒಂದು ಗೇಣಿಗೂ ಕಡಿಮೆ ಉದ್ದದ ರಬ್ಬರ್. ಪುಲ್ಲಿ ಚಿಕ್ಕದು ಮಾಡಿದಾಗ ಆ ರಬ್ಬರ್ ಇನ್ನೂ ಗಿಡ್ಡ ಆಯ್ತು, ಎಳೆತ ಹೆಚ್ಚಾಯ್ತು. ಎರಡೂ ಉಲ್ಟಾ.

ಬೆಲ್ಟ್ ಹಳೆಯದೇ ಅಂತ ಬರೆದಿದ್ದೀರಿ, ನನಗೆ ಅನುಮಾನ ಅಲ್ಲೇ. ಪುಲ್ಲಿ ವ್ಯಾಸ 6 ಮಿಮೀ ಇಳಿದರೆ, ಅರ್ಧ ಸುತ್ತಿನ ಲೆಕ್ಕದಲ್ಲಿ ಬೆಲ್ಟ್ 9ರಿಂದ 10 ಮಿಮೀ ಉದ್ದ ಆದ ಹಾಗೆ. ಅಷ್ಟನ್ನು ಟೆನ್ಷನರ್ (ಸ್ಪ್ರಿಂಗ್‌ನಿಂದ ಬೆಲ್ಟ್ ಬಿಗಿ ಹಿಡಿಯೋ ತೋಳು) ತುಂಬಿಕೊಳ್ಳಬೇಕು. ಅದರ ಮೈಮೇಲೆ ಒಂದು ಮುಳ್ಳು, ಎರಡು ಗುರುತು ಇರುತ್ತೆ. ಮುಳ್ಳು ಆ ಎರಡರ ಒಳಗಿದೆಯಾ ನೋಡಿ. ಹೊರಗೆ ಹೋಗಿದ್ದರೆ ಅದರ ತೋಳು ತುದಿ ತಲುಪಿದೆ, ಸ್ಪ್ರಿಂಗ್ ಬೆಲ್ಟನ್ನು ಒತ್ತುತ್ತಾ ಇಲ್ಲ.

ಎಂಜಿನ್ ನಿಲ್ಲಿಸಿ, ಬ್ಯಾಟರಿ ಬಿಚ್ಚಿ, ಆಮೇಲೆ ಕೈ ಹಾಕಿ. ಬ್ಲೋವರ್ ಪುಲ್ಲಿಯ ತೋಡಿನಲ್ಲಿ ಬೆರಳು ಎಳೆದರೆ ಕಪ್ಪು ಪುಡಿ ಬರುತ್ತಾ? ತೋಡಿನ ಪಕ್ಕ ಕನ್ನಡಿ ಹಾಗೆ ಹೊಳೆಯುತ್ತಾ? ಬೆಲ್ಟಿನ ಒಳಮೈ ಮುಟ್ಟಿದರೆ ಪ್ಲಾಸ್ಟಿಕ್ ಥರ ಜಾರುತ್ತಾ? ಒಂದು ಪೂರ್ತಿ ಥ್ರಾಟಲ್ ಓಟ ಆದ ಕೂಡಲೇ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ ಜಾರೋ ಪುಲ್ಲಿ ಉಳಿದವಕ್ಕಿಂತ ಎದ್ದು ಕಾಣೋ ಹಾಗೆ ಬಿಸಿ ಇರುತ್ತೆ. ಜಾರಿದ ಪುಲ್ಲಿಯ ಶಾಖ ಬ್ಲೋವರ್‌ನ ಮೂತಿಯೊಳಗಿನ (ಪುಲ್ಲಿ ಕೂರೋ ಮುಂಭಾಗ) ಬೇರಿಂಗಿಗೂ ಹೋಗುತ್ತೆ, ಅದಕ್ಕೇ ಜಾರೋ ಬೆಲ್ಟ್ ಇಟ್ಟುಕೊಂಡು ಓಡಿಸಬಾರದು. ಬೆಲ್ಟ್ ಜಾರದಿರಲಿ ಅಂತ ಸ್ಪ್ರೇ ಹೊಡೆಯೋರಿದ್ದಾರೆ. ಬೇಡವೇ ಬೇಡ, ಎರಡು ದಿನ ಅಂಟುತ್ತೆ, ಆಮೇಲೆ ಧೂಳು ಹಿಡಿದು ಮೊದಲಿಗಿಂತ ಜಾರುತ್ತೆ.

ಬೈಪಾಸ್ ಬಗ್ಗೆಯೂ ಹೇಳಿಬಿಡ್ತೀನಿ, ಗಾಳಿ ಬಿಸಿ ಇರೋದಕ್ಕೆ ಅದೂ ಕಾರಣ ಆಗಬಹುದು. ಐಡಲ್‌ನಲ್ಲಿ ಮತ್ತು ಸುಮ್ಮನೆ ಓಡುವಾಗ ಬೈಪಾಸ್ ತೆರೆದಿದ್ದು, ಬ್ಲೋವರ್ ಬಿಟ್ಟ ಗಾಳಿ ವಾಪಸ್ ಅದರ ಬಾಯಿಗೇ ಬರಬೇಕು. ಹಾಗಾದಾಗ ಒತ್ತಡ ಏರಲ್ಲ, ಶಾಖ ಹುಟ್ಟಲ್ಲ. ವ್ಯಾಕ್ಯೂಮ್‌ನಿಂದ ನಡೆಯೋ ಮಾದರಿಯಾದರೆ ಐಡಲ್‌ನಲ್ಲಿ ಅದರ ಕಡ್ಡಿ ಒಳಕ್ಕೆ ಎಳೆದುಕೊಂಡಿರಬೇಕು, ಥ್ರಾಟಲ್ ಒಮ್ಮೆ ಕೊಟ್ಟರೆ ಪಟ್ಟನೆ ಹೊರಗೆ ಬರಬೇಕು. ಕದಲದಿದ್ದರೆ ಕೈ ಪಂಪಿನಿಂದ ವ್ಯಾಕ್ಯೂಮ್ ಕೊಡಿ, ಮುಳ್ಳು ನಿಲ್ಲದೆ ಇಳಿದರೆ ಒಳಗಿನ ರಬ್ಬರ್ ಪೊರೆ ಹರಿದಿದೆ. ಆಗ ಬೈಪಾಸ್ ಸದಾ ಮುಚ್ಚಿರುತ್ತೆ: ಬೂಸ್ಟ್ ಸರಿ ಬರುತ್ತೆ, ಆದರೆ ಸುಮ್ಮನೆ ಓಡುವಾಗಲೂ ಗಾಳಿ ಕಾಯ್ತಾ ಇರುತ್ತೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಥ್ರಾಟಲ್ ಬಿಟ್ಟಾಗ ಗಾಡಿ ಜಗ್ಗುತ್ತೆ.

ಮೂತಿ ಭಾಗಕ್ಕೆ ತನ್ನದೇ ಎಣ್ಣೆ ಇರುತ್ತೆ, ಬಹಳ ಮಾದರಿಗಳಲ್ಲಿ 100ರಿಂದ 200 ಮಿಲಿ. ಎಂಜಿನ್ ಆಯಿಲ್ ಅಲ್ಲ, ಅದಕ್ಕೇ ಅಂತ ಇರೋ ಸಿಂಥೆಟಿಕ್. ಗಾಡಿ ಸಮತಟ್ಟು ಜಾಗದಲ್ಲಿ, ಪೂರ್ತಿ ತಣ್ಣಗಿದ್ದಾಗ ಮಟ್ಟ ನೋಡಿ. ಹೆಚ್ಚು ಹಾಕಿದರೆ ನೊರೆಯೆದ್ದು ಸೀಲ್ ದಾಟಿ ರೋಟರ್ ಕಡೆ ಹೋಗುತ್ತೆ. ಐಡಲ್‌ನಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ಸದ್ದು ಬಂದು, ಸ್ವಲ್ಪ ಆರ್‌ಪಿಎಂ ಏರಿಸಿದ ಕೂಡಲೇ ನಿಂತರೆ ಅದು ಮೂತಿಯೊಳಗಿನ ಕಪ್ಲರ್ ಸವೆದಿರೋದು, ರೋಟರ್ ಅಲ್ಲ. ಆರ್‌ಪಿಎಂ ಜೊತೆ ಏರುತ್ತಲೇ ಹೋಗೋ ಒರಟು ಕೂಗು ಬೇರಿಂಗ್‌ದು, ಅದನ್ನು ಮುಂದೂಡಬೇಡಿ: ಬೇರಿಂಗ್ ಅಲುಗಿದರೆ ರೋಟರ್ ಕೇಸಿಂಗ್‌ಗೆ ಉಜ್ಜಿ ಲೋಹದ ಪುಡಿ ನೇರವಾಗಿ ಸಿಲಿಂಡರ್‌ಗೆ.

ನಾಲ್ಕುಸ್ಟ್ರೋಕ್

ಮೂವರಿಗೂ ಧನ್ಯವಾದ. ಹೇಳಿದ ಕ್ರಮದಲ್ಲೇ ಅಳತೆ ಬಂತು. ಬ್ಲೋವರ್ ಬಾಯಲ್ಲಿ 6200ಕ್ಕೆ 98 ಕಿಲೋಪಾಸ್ಕಲ್. ಟೆನ್ಷನರ್ ಮುಳ್ಳು ಗುರುತಿನಿಂದ ಹೊರಗೆ. ತೋಡಿನಲ್ಲಿ ಕಪ್ಪು ಪುಡಿ ಇದೆ. ಬೈಪಾಸ್ ಕಡ್ಡಿ ಸರಿಯಾಗಿ ಓಡಾಡುತ್ತೆ. ಇಂಟರ್‌ಕೂಲರ್ ವಾಪಸ್ ಪೈಪನ್ನು ಬಕೆಟ್‌ಗೆ ಬಿಟ್ಟು ಪಂಪ್ ಓಡಿಸಿದರೆ ಒಂದು ನಿಮಿಷಕ್ಕೆ 9 ಲೀಟರ್ ಮಾತ್ರ. ಕೂಲಂಟ್ ಅರ್ಧಕ್ಕರ್ಧ ಗ್ಲೈಕಾಲ್. ಇಂಜೆಕ್ಟರ್ ಡ್ಯೂಟಿ (ಇಂಜೆಕ್ಟರ್ ತೆರೆದಿರೋ ಸಮಯದ ಪಾಲು) 6200ರಲ್ಲಿ 80%.

ಸ್ಪ್ಯಾನರ್14

ಬಾಯಲ್ಲಿ 3 ಕಿಲೋಪಾಸ್ಕಲ್ ಹೋಗಿದೆ, ಅದು ಮ್ಯಾನಿಫೋಲ್ಡ್‌ನಲ್ಲಿ 0.8 ಪಿಎಸ್‌ಐ ಆಗುತ್ತೆ. ಹಾಗಾಗಿ 10.6 ಬರಬೇಕಿತ್ತು, ಬಂದಿರೋದು 9.1. ಉಳಿದ ಒಂದೂವರೆ ಬೆಲ್ಟ್ ಲೆಕ್ಕಕ್ಕೆ, ಸುಮಾರು 6% ಜಾರಿಕೆ.

10 ಮಿಮೀ ಗಿಡ್ಡ ಬೆಲ್ಟ್ ಹೊಸದು ತನ್ನಿ. ಪುಲ್ಲಿಗಳ ತೋಡನ್ನು ಬ್ರೇಕ್ ಕ್ಲೀನರ್ ಹಾಕಿ ನೈಲಾನ್ ಬ್ರಷ್‌ನಿಂದ ಉಜ್ಜಿ ಒಣಗಿಸಿ. ನೆಟ್ಟಗಿನ ಪಟ್ಟಿ ಇಟ್ಟು ಬ್ಲೋವರ್ ಪುಲ್ಲಿ, ಐಡ್ಲರ್ (ಬೆಲ್ಟಿನ ದಾರಿ ತಿರುಗಿಸೋ ಪುಲ್ಲಿ), ಕ್ರ್ಯಾಂಕ್ ಪುಲ್ಲಿ ಒಂದೇ ಸಾಲಿನಲ್ಲಿವೆಯಾ ನೋಡಿ. ಒತ್ತಿ ಕೂರಿಸೋ ಪುಲ್ಲಿ ಅರ್ಧ ಮಿಲಿಮೀಟರ್ ಆಚೀಚೆ ಕೂತರೂ ಬೆಲ್ಟಿನ ಅಂಚು ಹರಿಯೋಕೆ ಶುರು. ಇಷ್ಟಾದ ಮೇಲೂ ಜಾರಿದರೆ ಐಡ್ಲರ್ ಒಂದನ್ನು ಬ್ಲೋವರ್ ಪುಲ್ಲಿಗೆ ಹತ್ತಿರ ತಂದು ಸುತ್ತಿನ ಕೋನ ಹೆಚ್ಚಿಸಿ. ಹಿಡಿತ ಆ ಕೋನದ ಜೊತೆ ಘಾತದಲ್ಲಿ ಏರುತ್ತೆ, 20 ಡಿಗ್ರಿ ಹೆಚ್ಚು ಸಿಕ್ಕರೂ ಗೊತ್ತಾಗುತ್ತೆ. ಸ್ಪ್ರಿಂಗ್ ಇನ್ನೂ ಗಟ್ಟಿ ಮಾಡೋದು ಕೊನೆಯ ದಾರಿ, ಅದರ ಬೆಲೆ ಕ್ರ್ಯಾಂಕ್‌ನ ಮುಂದಿನ ಬೇರಿಂಗ್ ಕೊಡುತ್ತೆ.

ಪಂಪ್ ವಿಷಯ: ಎಂಜಿನ್ ಓಡುತ್ತಿರುವಾಗ ಪಂಪಿನ ಕನೆಕ್ಟರ್‌ನಲ್ಲೇ ವೋಲ್ಟೇಜ್ ಅಳೆಯಿರಿ. ಬ್ಯಾಟರಿಯಲ್ಲಿ 14 ಇದ್ದು ಅಲ್ಲಿ 12 ಇದ್ದರೆ ವೈರ್ ಅಥವಾ ಅರ್ತ್ ಸರಿಯಿಲ್ಲ. ವೋಲ್ಟೇಜ್ ಸರಿಯಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ, ಅಥವಾ ಪಂಪೇ ಸವೆದಿದೆ. ಇಂಟರ್‌ಕೂಲರ್ ಎಂಜಿನ್ನಿನ ಅತಿ ಎತ್ತರದ ಜಾಗದಲ್ಲಿ ಇರೋದರಿಂದ ಮೇಲಿನಿಂದ ಸುರಿದರೆ ಗಾಳಿ ಹೋಗಲ್ಲ, ವ್ಯಾಕ್ಯೂಮ್ ಹಾಕಿ ತುಂಬಬೇಕು. ಕೂಲಂಟ್ ಮಟ್ಟ ಹೊರಗೆ ಸೋರಿಕೆಯಿಲ್ಲದೆ ಇಳಿಯುತ್ತಿದ್ದರೆ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ, ಇಂಟರ್‌ಕೂಲರ್ ಒಳಗೆ ಸೋರಿ ಸಿಲಿಂಡರ್‌ನಲ್ಲಿ ನೀರು ನಿಂತಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತೆ.

ಟ್ಯೂನಿಂಗ್‌ಮೇಜು

9 ಲೀಟರ್ ಹರಿವಿಗೆ 30 ಕಿಲೋವ್ಯಾಟ್ ಕೊಟ್ಟರೆ ಆ ಕೂಲಂಟ್ ಒಂದೇ ದಾಟಿಗೆ 55 ಡಿಗ್ರಿ ಏರಬೇಕು. 72 ಡಿಗ್ರಿ ಗಾಳಿಗೆ ಕಾರಣ ಸಿಕ್ಕಿತು.

ಒಂದು ಎಚ್ಚರಿಕೆ, ಬೆಲ್ಟ್ ಹಾಕೋ ಮೊದಲೇ ಓದಿ. ಜಾರಿಕೆ ನಿಂತು 10.6 ಪಿಎಸ್‌ಐ ಬಂದು ಗಾಳಿ 52 ಡಿಗ್ರಿಗೆ ಇಳಿದರೆ 6200ರಲ್ಲಿ ಗಾಳಿಯ ತೂಕ 1.42ರಿಂದ 1.60ಕ್ಕೆ ಏರುತ್ತೆ, 13% ಹೆಚ್ಚು. ಇಂಜೆಕ್ಟರ್ ಡ್ಯೂಟಿ 80% ಇರೋದು 90% ಆಗುತ್ತೆ. ಪೆಟ್ರೋಲ್ ಒತ್ತಡ ಬೂಸ್ಟ್ ಜೊತೆ ಒಂದಕ್ಕೊಂದರಂತೆ ಏರದಿದ್ದರೆ ಇನ್ನೂ ಮೇಲೆ. ಮಿಶ್ರಣ ತೆಳುವಾಗೋದು ಅಲ್ಲೇ, ಅದೂ ಟೈಮಿಂಗ್ ವಾಪಸ್ ಬಂದಿರೋ ಹೊತ್ತಲ್ಲಿ. ಮೊದಲ ಓಟ 5000ಕ್ಕೆ ನಿಲ್ಲಿಸಿ ಲಾಗ್ ತೆಗೆಯಿರಿ. ಬೂಸ್ಟ್‌ನಲ್ಲಿ ಲ್ಯಾಂಬ್ಡಾ (ಗಾಳಿ ಪೆಟ್ರೋಲ್ ಪ್ರಮಾಣ, 1 ಅಂದರೆ ಮೇಲೆ ಹೇಳಿದ 14.7 ಕಿಲೋ ಲೆಕ್ಕ) 0.80ರಿಂದ 0.85ರ ಒಳಗೆ ಇದ್ದು, ಪೆಟ್ರೋಲ್ ಒತ್ತಡ ಬೀಳದೆ, ನಾಕಿಂಗ್ ಸೊನ್ನೆ ಇದ್ದರೆ 5600, ಆಮೇಲೆ 6200. ಡ್ಯೂಟಿ 85% ದಾಟಿದರೆ ಅಲ್ಲೇ ಕಾಲು ತೆಗೆಯಿರಿ, ದೊಡ್ಡ ಇಂಜೆಕ್ಟರ್ ಬರೋವರೆಗೆ 80 ಮಿಮೀ ಪುಲ್ಲಿಯೂ ಅದರ ಬೆಲ್ಟೂ ವಾಪಸ್ ಹಾಕಿ ಓಡಿಸಿ.